ಸಂಪಾದಕನ ಅಧಿಕಾರ, ಸಂಪಾದಕನ ಶ್ರಮ



ಬ್ಲಾಗುಗಳೂ ಅಂತರಜಾಲದ ಸಮುದಾಯಗಳೂ ಪತ್ರಿಕೆಯನ್ನೂ ರಾಜಕಾರಣವನ್ನೂ ಯಾವ ಬಗೆಯಿಂದ ಮಾರ್ಪಡಿಸುತ್ತಿವೆಯೆಂಬ ಪ್ರಶ್ನೆಯನ್ನು ಲೋಕವೆಲ್ಲಕ್ಕೂ ಅನ್ವಯಿಸಿ ಎತ್ತಿಕೊಂಡಲ್ಲಿ, ಮಾತು ಉತ್ಸಾಹದ ಕಡೆಗೋ ಶಾಪದ ಕಡೆಗೋ ವಾಲಿ ಕೊನೆಗೆ ಕೈಗೆ ಹತ್ತುವಂಥದು ಏನೂ ಉಳಿಯದೆ ಹೋಗುವ ಭಯವಿರುವುದರಿಂದ, ಈ ಸಂಜೆಯ ಉಪನ್ಯಾಸಕ್ಕೆ ನಾನು ಒಂದೇ ದೇಶವನ್ನು, ಅದರ ಕಾಲು ಶತಮಾನದ ಅನುಭವವನ್ನು ಆರಿಸಿಕೊಂಡಿದ್ದೇನೆ. ಆ ದೇಶ ದಕ್ಷಿಣ ಕೊರಿಯಾ. 5 ಕೋಟಿಗೆ ಕಡಮೆಯಾದ ಜನಸಂಖ್ಯೆಯಿದ್ದ ಆ ರಾಜ್ಯದಲ್ಲಿ 2002ರ ಹೊತ್ತಿಗೇ ವೇಗದ ಅಂತರಜಾಲದ ಚಂದಾದಾರರು 1 ಕೋಟಿಯನ್ನು ಮುಟ್ಟಿದ್ದರು. ನಮ್ಮಲ್ಲಿ ಈಚೆಗೆ ಕಾಣಿಸಿಕೊಂಡಿರುವ ಆಶೆಗಳೂ ವ್ಯಾಧಿಗಳೂ ಅಲ್ಲಿ ಮೊದಲೇ ತೋರಿ, ಮಾಗಿ, ತಮ್ಮ ಫಲವನ್ನು ಕೊಟ್ಟಾಗಿವೆ.

1950ರ ಜುಲೈ ತಿಂಗಳಿನಲ್ಲಿ, ಕೊರಿಯಾ ಯುದ್ಧದ ಆದಿಭಾಗದಲ್ಲಿ, ನೋ ಗನ್ ರಿ ಎಂಬ ಹಳ್ಳಿಯ ಸಮೀಪದ ರೈಲು ಸೇತುವೆಯ ಕೆಳಗೆ ಆಶ್ರಯ ಪಡೆದಿದ್ದ ನಿರಾಶ್ರಿತರ ಮೇಲೆ ಅಮೆರಿಕದ ಸೈನಿಕರು ಗುಂಡು ಹಾರಿಸಿದರು. ಸತ್ತವರಲ್ಲಿ ಬಹುಮಂದಿ ಹೆಂಗಸರು, ಮಕ್ಕಳು, ವೃದ್ಧರು. ಬದುಕಿ ಉಳಿದವರು ಹೇಳುತ್ತಲೇ ಬಂದ ಈ ವೃತ್ತಾಂತವನ್ನು 1994ರಲ್ಲಿ ‘ಮಾಲ್’ ಎಂಬ ಸಣ್ಣ ಪ್ರಸಾರದ ಮಾಸಪತ್ರಿಕೆಯಲ್ಲಿ ಓ ಯೊನ್-ಹೊ ಎಂಬ ತರುಣ ವರದಿಗಾರ ಬರೆದಾಗ ದೇಶದ ದೊಡ್ಡ ದಿನಪತ್ರಿಕೆಗಳಲ್ಲಿ ಒಂದೂ ಅದನ್ನು ಗಮನಿಸಲಿಲ್ಲ. ಐದು ವರ್ಷಗಳ ತರುವಾಯ, 1999ರ ಸೆಪ್ಟೆಂಬರಿನಲ್ಲಿ, ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯವರು ಅದೇ ಸಂಗತಿಯನ್ನು ಪ್ರಕಟಿಸಿದರು. ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಹಿಂದೆ ಕಣ್ಣುಮುಚ್ಚಿದ್ದ ಕೊರಿಯಾದ ಪತ್ರಿಕೆಗಳು ಮೊದಲ ಪುಟಗಳನ್ನೇ ಅದಕ್ಕೆ ಮೀಸಲಾಗಿಟ್ಟವು. ಅಮೆರಿಕದ ವರದಿಗಾರರು ತಮ್ಮ ಸೈನ್ಯದ ಕಡತಗಳನ್ನು ಜಾಲಾಡಿ, ನಿವೃತ್ತ ಸೈನಿಕರ ಬಾಯಿಂದಲೇ ಸಾಕ್ಷ್ಯ ಹೊರಡಿಸಿದ್ದರೆಂಬುದನ್ನು ಮರೆಯಬಾರದು. ಅವರ ಕಾರ್ಯ ಹೆಚ್ಚಿನದೇ. ಆದರೂ ಸತ್ತವರು ಅವರೇ, ಸೇತುವೆ ಅದೇ, ದೂರಿಟ್ಟವರೂ ಅವರೇ ಆಗಿರುವಾಗ, ಒಂದು ಸಂಗತಿ 1994ರಲ್ಲಿ ಸುದ್ದಿಯಲ್ಲದೆ 1999ರಲ್ಲಿ ಸುದ್ದಿಯಾಯಿತೆಂದರೆ, ಸುದ್ದಿಯೆನ್ನುವುದು ಸಂಗತಿಯ ಗುಣವಾಗಿರದೆ ಹೇಳುವವನ ಅಂತಸ್ತಿನ ಗುಣವಾಗಿದ್ದಿತೆಂದು ಓ ಯೊನ್-ಹೊ ನಿಶ್ಚಯಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಆ ಅಂತಸ್ತಿನ ಹಿನ್ನೆಲೆಯೂ ಅಷ್ಟೇನೂ ಗೌರವದ್ದಲ್ಲ. ಚುನ್ ದೂ-ಹ್ವಾನನ ಸೈನಿಕ ಆಡಳಿತದಲ್ಲಿ ಯಾವ ಸುದ್ದಿಯನ್ನು ಯಾವ ಪುಟದಲ್ಲಿ, ಎಷ್ಟು ಗಾತ್ರದ ತಲೆಬರೆಹದೊಡನೆ ಹಾಕತಕ್ಕದ್ದು, ಯಾವುದನ್ನು ಹಾಕಲೇಕೂಡದು ಎಂಬ ಸೂಚನೆಗಳು ಸರ್ಕಾರದಿಂದ ಪ್ರತಿದಿನವೂ ಸಂಪಾದಕರ ಮೇಜಿಗೆ ಬರುತ್ತಿದ್ದವು. 1986ರಲ್ಲಿ ಆ ಗುಪ್ತ ಸೂಚನೆಗಳನ್ನು ಬಯಲಿಗೆಳೆದುದು ಇದೇ ‘ಮಾಲ್’ ಪತ್ರಿಕೆ. ಮರುವರ್ಷದ ಜನಾಂದೋಲನದಿಂದ ಪ್ರಜಾಪ್ರಭುತ್ವ ಮರಳಿತು. 1988ರಲ್ಲಿ ಸಾವಿರಾರು ಜನಸಾಮಾನ್ಯರು ಷೇರು ಕೊಂಡು ‘ಹಾಂಕ್ಯೊರೆ’ ಎಂಬ ದಿನಪತ್ರಿಕೆಯನ್ನು ಕಟ್ಟಿದರು. ಆದಾಗ್ಯೂ ಪ್ರಸಾರಸಂಖ್ಯೆಯ ಬಹುಭಾಗ ಚೋಸುನ್, ಜೂಂಗ್‌ಆಂಗ್, ಡೊಂಗ್‌ಆ ಎಂಬ ಮೂರು ಸಂಪ್ರದಾಯಪಕ್ಷದ ದಿನಪತ್ರಿಕೆಗಳ ಕೈಯಲ್ಲೇ ಉಳಿಯಿತು. ಜನ ಆ ಮೂರರ ಮೊದಲಕ್ಷರಗಳನ್ನು ಕೂಡಿಸಿ ‘ಚೋ-ಜೂಂಗ್-ಡೊಂಗ್’ ಎಂದು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು. ಆ ಕರೆಯುವಿಕೆಯಲ್ಲಿ ಪ್ರೀತಿಯಿರಲಿಲ್ಲ.

2000ನೆಯ ಇಸವಿಯ ಫೆಬ್ರುವರಿ 22ರಂದು, ಮಧ್ಯಾಹ್ನ 2 ಗಂಟೆ 22 ನಿಮಿಷಕ್ಕೆ (ಮುಹೂರ್ತಗಳ ಮೋಹ ನಮಗೊಬ್ಬರಿಗೇ ಇರುವುದಲ್ಲ!) ಓ ಯೊನ್-ಹೊ ‘ಓಹ್‌ಮೈನ್ಯೂಸ್’ ಎಂಬ ಜಾಲಪತ್ರಿಕೆಯನ್ನು ತೊಡಗಿದರು. ಪ್ರತಿಯೊಬ್ಬ ಪ್ರಜೆಯೂ ವರದಿಗಾರನೆಂಬುದು ಅದರ ಘೋಷಣೆ. ಆರಂಭದಲ್ಲಿ ಹೆಸರು ಕೊಟ್ಟ ನಾಗರಿಕ ವರದಿಗಾರರು 727 ಮಂದಿ. ಗೃಹಿಣಿಯರು, ಅಧ್ಯಾಪಕರು, ವಿದ್ಯಾರ್ಥಿಗಳು, ಸಣ್ಣ ಊರುಗಳ ನೌಕರರು ಬರೆದುದನ್ನು ಕಚೇರಿಯ ಕೆಲವೇ ಸಂಪಾದಕರು ಓದಿ, ಸಂದೇಹ ಬಂದಲ್ಲಿ ವಿಚಾರಿಸಿ, ಒಪ್ಪಿದುದನ್ನು ಮಾತ್ರ ಪ್ರಕಟಿಸುತ್ತಿದ್ದರು. ಒಪ್ಪದ ಬರೆಹಕ್ಕೆ ಆ ಕಚೇರಿಯ ಪರಿಭಾಷೆಯಲ್ಲಿ ಹಸಿ ಸೌದೆಯೆಂದು ಹೆಸರು; ಒಪ್ಪಿಗೆ ಪಡೆದುದಕ್ಕೆ ಕೆಂಡವೆಂದು ಹೆಸರು. ಕೆಂಡವಾದ ಮೇಲೂ ಮೇಲಣ ದರ್ಜೆಗಳಿದ್ದವು. ಅತ್ಯುತ್ತಮವೆನಿಸಿದುದಕ್ಕೂ ಸಿಗುತ್ತಿದ್ದ ಸಂಭಾವನೆ 20,000 ವೊನ್ನಿನಷ್ಟು, ಅಂದರೆ ಇಬ್ಬರು ಮೂವರು ಸಾಧಾರಣ ಊಟ ಮಾಡಿದರೆ ಮುಗಿಯುವ ಹಣ. ಬರೆಯುವವರು ನಿಜವಾದ ಹೆಸರಿನಿಂದಲೇ ನೋಂದಾಯಿಸಿಕೊಳ್ಳಬೇಕಾಗಿದ್ದಿತು. ಈ ವಿವರಗಳ ಮೇಲೆ ನಾನು ಇಷ್ಟು ಹೊತ್ತು ನಿಲ್ಲುವುದಕ್ಕೆ ಕಾರಣವುಂಟು. ಈ ಪತ್ರಿಕೆಯನ್ನು ಹೊಗಳಿದವರೂ ತೆಗಳಿದವರೂ ಇದು ಸಂಪಾದಕನನ್ನು ಹೊರಗಟ್ಟಿತೆಂದು ಬರೆದರು. ವಾಸ್ತವದಲ್ಲಿ ಇದು ಆತನನ್ನು ಉಳಿಸಿಕೊಂಡು, ಯಾರು ಬರೆಯಬಹುದೆಂದು ತೀರ್ಮಾನಿಸುವ ಆತನ ಅಧಿಕಾರವನ್ನು ಮಾತ್ರ ಕಸಿದುಕೊಂಡು, ಬರೆದುದು ನಿಜವೇ ಎಂದು ವಿಚಾರಿಸುವ ಶ್ರಮವನ್ನು ಆತನ ಹೆಗಲ ಮೇಲೆಯೇ ಬಿಟ್ಟಿತು. ಅಧಿಕಾರವೂ ಶ್ರಮವೂ ಹೀಗೆ ಬೇರೆಯಾಗಬಲ್ಲವೆಂದು ಅದಕ್ಕೆ ಹಿಂದೆ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಹಳಬರು ಸುಮ್ಮನೆ ದಾರಿಬಿಡಲಿಲ್ಲ. 2001ರಲ್ಲಿ ಇಂಚೋನ್ ವಿಮಾನನಿಲ್ದಾಣದ ಪತ್ರಕರ್ತರ ಕೊಠಡಿಯಿಂದ ಓಹ್‌ಮೈನ್ಯೂಸಿನ ವರದಿಗಾರನನ್ನು ಹೊರಕ್ಕೆ ಕಳುಹಿಸಿದರು. ಕಳುಹಿಸಿದವರು ಅಧಿಕಾರಿಗಳಲ್ಲ, ಸಹವೃತ್ತಿಯವರೇ. 2002ರ ಫೆಬ್ರುವರಿಯಲ್ಲಿ ಅಧ್ಯಕ್ಷಪದವಿಯ ಆಕಾಂಕ್ಷಿಯಾಗಿದ್ದ ರೋ ಮೂ-ಹ್ಯುನ್ ಅವರೊಡನೆ ಆ ಪತ್ರಿಕೆ ಏರ್ಪಡಿಸಿದ್ದ ಸಂದರ್ಶನವನ್ನು ಚುನಾವಣಾ ಆಯೋಗದವರು ಬಂದು ತಡೆದರು. ಕಾಯಿದೆಯ ದೃಷ್ಟಿಯಲ್ಲಿ ಅದು ಪತ್ರಿಕೆಯೇ ಅಲ್ಲವೆಂಬುದು ಅವರ ವಾದ. ಅದೇ ರೋ ಮೂ-ಹ್ಯುನ್ ಆ ಚುನಾವಣೆಯಲ್ಲಿ ಗೆದ್ದು, ಮರುವರ್ಷ ದೇಶದ ಪತ್ರಿಕೆಗಳ ಪೈಕಿ ತಮ್ಮ ಮೊದಲ ಸಂದರ್ಶನವನ್ನು ಕೊಟ್ಟುದು ಆ ಪತ್ರಿಕೆಯೆನಿಸದ ಪತ್ರಿಕೆಗೆ.

ಈ ನಡುವೆ ನಡೆದುದೇ ನಮ್ಮ ವಿಷಯದ ಹೃದಯಭಾಗ. ಬಡರೈತನ ಮಗನಾಗಿ ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತದೆ ಸ್ವಂತ ಓದಿನಿಂದ ವಕೀಲರಾದ ರೋ, 2000ದ ಸಾರ್ವತ್ರಿಕ ಚುನಾವಣೆಯಲ್ಲಿ ಸೋಲಿನ ಭಯವಿಲ್ಲದ ಸೋಲ್ ನಗರದ ಕ್ಷೇತ್ರವನ್ನು ಬಿಟ್ಟು, ಪ್ರಾಂತ್ಯಪಕ್ಷಪಾತವನ್ನು ಮುರಿಯಬೇಕೆಂದು ಬೂಸಾನಿನಲ್ಲಿ ಸ್ಪರ್ಧಿಸಿ ಸೋತರು. ಸೋತವನಿಗೆ ಅಭಿಮಾನಿಗಳ ಸಂಘವೊಂದು ಹುಟ್ಟಿಕೊಂಡಿತು. ಜಾಲದಲ್ಲಿ ಪರಸ್ಪರ ಪರಿಚಿತರಾದ ಅಪರಿಚಿತರು ಆ ವರ್ಷದ ಜೂನ್ ತಿಂಗಳಲ್ಲಿ ದೇಜೋನ್ ನಗರದ ಒಂದು ಸೈಬರ್ ಕೆಫೆಯಲ್ಲಿ ಸೇರಿ ‘ನೋಸಮೊ’ ಎಂಬ ಸಂಘವನ್ನು ಸ್ಥಾಪಿಸಿದರು. ಚಲನಚಿತ್ರದ ನಟನಿಗೆ ಅಭಿಮಾನಿಸಂಘವಿರುವುದು ಕನ್ನಡಿಗರಿಗೆ ಹೊಸತೇನಲ್ಲವಷ್ಟೆ. ರಾಜಕಾರಣಿಗೆ, ಅದರಲ್ಲಿಯೂ ಸೋತ ರಾಜಕಾರಣಿಗೆ, ಕೂಲಿಯಿಲ್ಲದೆ ದುಡಿಯುವ ಸಂಘ ಹುಟ್ಟುವುದು ಅಪೂರ್ವ. ಹಳದಿ ಬಣ್ಣ ಅವರ ಗುರುತು. ಹಂದಿಯಾಕಾರದ ಹುಂಡಿಗಳಲ್ಲಿ ಚಿಲ್ಲರೆ ಕೂಡಿಸಿ ಅವರು ಪ್ರಚಾರದ ವೆಚ್ಚಕ್ಕೆ ಒಪ್ಪಿಸಿದರು.

2002ರ ಜೂನ್ 13ರಂದು, ದೇಶವೆಲ್ಲ ವಿಶ್ವಕಪ್ ಫುಟ್‌ಬಾಲಿನ ಉನ್ಮಾದದಲ್ಲಿದ್ದಾಗ, ಸೋಲ್ ನಗರದ ಉತ್ತರಕ್ಕೆ ಹಳ್ಳಿಯ ರಸ್ತೆಯೊಂದರಲ್ಲಿ ಅಮೆರಿಕದ ಸೈನ್ಯದ ಭಾರಿ ವಾಹನವು ಇಬ್ಬರು ಶಾಲಾಬಾಲಿಕೆಯರ ಮೇಲೆ ಹರಿದು ಅವರು ಸತ್ತರು. ದೊಡ್ಡ ಪತ್ರಿಕೆಗಳಲ್ಲಿ ಆ ಸಾವಿಗೆ ದೊರೆತ ಸ್ಥಳ ಅತ್ಯಲ್ಪ. ಜಾಲದ ಚಾವಡಿಗಳು ಅದನ್ನು ಬಿಡಲಿಲ್ಲ. ನವೆಂಬರಿನಲ್ಲಿ ಅಮೆರಿಕದ ಸೈನಿಕ ನ್ಯಾಯಾಲಯವು ಆ ವಾಹನದಲ್ಲಿದ್ದ ಇಬ್ಬರು ಸೈನಿಕರನ್ನೂ ನಿರ್ದೋಷಿಗಳೆಂದು ಬಿಟ್ಟುಕಳುಹಿಸಿದಾಗ, ‘ಆಂಗ್ಮಾ’ ಎಂಬ ಗುಪ್ತನಾಮದವನೊಬ್ಬನು ಬರುವ ಶನಿವಾರ ಸಂಜೆ ಕಪ್ಪುಡುಗೆಯುಟ್ಟು, ಮೇಣದ ಬತ್ತಿ ಹಿಡಿದು, ಸೋಲ್ ನಗರದ ಗ್ವಾಂಗ್ಹ್ವಾಮುನ್ ಬಳಿ ಸೇರೋಣವೆಂದು ಬರೆದನು. ನವೆಂಬರ್ 30ರಂದು ಸಾವಿರ ಸಾವಿರ ಜನ ಬಂದರು. ಮುಂದಿನ ಶನಿವಾರಗಳಲ್ಲಿ ಆ ಗುಂಪು ಬೆಳೆಯಿತು. ಪಕ್ಷವಾಗಲಿ, ಕಾರ್ಮಿಕಸಂಘವಾಗಲಿ ಕರೆಯದೆ ನೆರೆದ ಈ ಜನಸಂದಣಿಯಿಂದ ಕೊರಿಯಾದ ಮೇಣದಬತ್ತಿಯ ರಾಜಕಾರಣ ಪ್ರಾರಂಭವಾಯಿತೆಂದು ಹೇಳುತ್ತಾರೆ. ಆದರೆ ಈ ಕಥೆಗೆ ಒಂದು ಬಾಲವಿದೆ. ಆಂಗ್ಮಾ ಓಹ್‌ಮೈನ್ಯೂಸಿನ ನಾಗರಿಕ ವರದಿಗಾರನೂ ಆಗಿದ್ದನು. ತಾನು ಬೇರೆಡೆ ಗುಪ್ತನಾಮದಿಂದ ಬರೆದ ಸಲಹೆಯನ್ನು ಯಾರೋ ಒಬ್ಬ ಜಾಲಿಗನ ಸಲಹೆಯೆಂಬಂತೆ ತಾನೇ ಆ ಪತ್ರಿಕೆಗೆ ವರದಿಮಾಡಿದ್ದನು. ಮುಂದೆ ಇದು ಹೊರಬಿದ್ದಾಗ ವಿರೋಧಿಗಳಿಗೆ ಹಬ್ಬವಾಯಿತು. ನೆರೆದ ಜನರ ದುಃಖವೇನೂ ಇದರಿಂದ ಸುಳ್ಳಾಗಲಿಲ್ಲ. ಘಟನೆಯನ್ನು ಉಂಟುಮಾಡುವವನೂ ಅದನ್ನು ವರದಿಮಾಡುವವನೂ ಒಬ್ಬನೇ ಆದಾಗ ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಆ ಕ್ಷಣದಲ್ಲಿ ಯಾರೂ ಇರಲಿಲ್ಲ, ಹಸಿ ಸೌದೆಯನ್ನೂ ಕೆಂಡವನ್ನೂ ಬೇರ್ಪಡಿಸುವ ಆ ಕಚೇರಿಯಲ್ಲಿಯೂ ಇರಲಿಲ್ಲ, ಎಂಬುದಷ್ಟೇ ನನ್ನ ಮಾತು.

ಡಿಸೆಂಬರ್ 18ರ ರಾತ್ರಿ. ಮರುದಿನ ಬೆಳಗ್ಗೆ ಅಧ್ಯಕ್ಷ ಚುನಾವಣೆಯ ಮತದಾನ. ರೋ ಅವರೊಡನೆ ಒಪ್ಪಂದ ಮಾಡಿಕೊಂಡು ಕಣದಿಂದ ಹಿಂದೆ ಸರಿದಿದ್ದ ಧನಾಢ್ಯ ನಾಯಕ ಚುಂಗ್ ಮೊಂಗ್-ಜೂನ್ ರಾತ್ರಿ ಸುಮಾರು 10 ಗಂಟೆಗೆ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ರೋ ಆತನ ಮನೆಯ ಬಾಗಿಲಿಗೆ ಹೋಗಿ, ಬಾಗಿಲು ತೆರೆಯದಿರಲು ಹಿಂದಿರುಗಿದರು. ಚುಂಗ್ ಮೊಂಗ್-ಜೂನ್ ರೋ ಅವರನ್ನು ಕೈಬಿಟ್ಟರೆಂಬ ಆಶಯದ ಶಿರೋನಾಮೆಯಿಂದ ಚೋಸುನ್ ಪತ್ರಿಕೆ ಮರುದಿನದ ಸಂಪಾದಕೀಯವನ್ನೇ ಬರೆಯಿತು. ಅಚ್ಚಿನ ಪತ್ರಿಕೆಗೆ ಆ ದಿನದ ಮಾತು ಅಲ್ಲಿಗೆ ಮುಗಿಯಿತು. ಜಾಲಕ್ಕೆ ಮುಗಿಯುವ ಹೊತ್ತೆಂಬುದಿಲ್ಲ. ಓಹ್‌ಮೈನ್ಯೂಸ್ ರಾತ್ರಿಯಿಡೀ ಸುದ್ದಿಯನ್ನು ತಿದ್ದಿ ತಿದ್ದಿ ಹಾಕುತ್ತಿರಲು, ನೋಸಮೊದವರು ಚಾವಡಿಯಿಂದ ಚಾವಡಿಗೆ ಓಡಾಡಿ, ಬೆಳಗಾದ ಮೇಲೆ ಗೆಳೆಯರಿಗೆ ಮೊಬೈಲಿನಲ್ಲಿ ಸಂದೇಶ ಕಳುಹಿಸಿ ಮತಗಟ್ಟೆಗೆ ಎಬ್ಬಿಸಿದರು. ರೋ ಅವರಿಗೆ ಶೇಕಡ 48.9, ಎದುರಾಳಿ ಲೀ ಹೊಯ್-ಚಾಂಗ್ ಅವರಿಗೆ ಶೇಕಡ 46.6; ಅಂತರ ಸುಮಾರು 5 ಲಕ್ಷ 70 ಸಾವಿರ ಮತ. ಅಂತರಜಾಲವೇ ಅಧ್ಯಕ್ಷನನ್ನು ಆರಿಸಿತೆಂದು ವಿದೇಶದ ಪತ್ರಿಕೆಗಳು ಬರೆದುದು ಅತಿಶಯೋಕ್ತಿ. ಹಿರಿಯರಿಗೂ ಕಿರಿಯರಿಗೂ ನಡುವೆ ಬೆಳೆದಿದ್ದ ಅಂತರ, ಅಮೆರಿಕದ ಸೈನ್ಯದ ಬಗೆಗಿನ ಕೋಪ, ಹಳೆಯ ಪಕ್ಷಗಳ ಬಗೆಗಿನ ಬೇಸರ, ಇವೆಲ್ಲ ಒಟ್ಟುಗೂಡಿದವು. ಆದರೆ ಒಂದು ಮಾತು ನಿಶ್ಚಯ: ಇಂಥ ವಿಷಯ ಇಲ್ಲಿಗೆ ಮುಗಿಯಿತೆಂದು ಹೇಳುವ ಹಕ್ಕು ಆ ರಾತ್ರಿಯಿಂದ ಸಂಪಾದಕರಿಗೆ ಉಳಿಯಲಿಲ್ಲ.

ತಂತ್ರವೊಂದರಿಂದಲೇ ಇದೆಲ್ಲ ಆಯಿತೆಂದು ತಿಳಿದವರು 2006ರಲ್ಲಿ ಅದೇ ಪತ್ರಿಕೆಯ ಶಾಖೆಯನ್ನು ಜಪಾನಿನಲ್ಲಿ ದೊಡ್ಡ ಬಂಡವಾಳದೊಡನೆ ತೆರೆದರು. ಅದು ಮೂರು ವರ್ಷ ಬಾಳಲಿಲ್ಲ.

ಅಧಿಕಾರ ಹಂಚಿಹೋದ ಮೇಲೆ ಶ್ರಮವನ್ನು ಯಾರು ಹೊರುವರೆಂಬುದು ಮುಂದಿನ ದಶಕದ ಪ್ರಶ್ನೆ. ಅದಕ್ಕೆ ದೊರೆತ ಉತ್ತರಗಳು ಸಮಾಧಾನಕರವಲ್ಲ. 2008ರಲ್ಲಿ ದೌಮ್ ಎಂಬ ಜಾಲತಾಣದ ‘ಅಗೋರಾ’ ಚಾವಡಿಯಲ್ಲಿ ‘ಮಿನರ್ವಾ’ ಎಂಬ ಹೆಸರಿನಲ್ಲಿ ಆರ್ಥಿಕವಿಷಯಗಳನ್ನು ಬರೆಯುತ್ತಿದ್ದವನೊಬ್ಬನು ಲೀಮನ್ ಬ್ರದರ್ಸ್ ಸಂಸ್ಥೆಯ ಪತನವನ್ನು ಮುಂದಾಗಿ ಹೇಳಿದನೆಂದು ಪ್ರಖ್ಯಾತನಾದನು. ಆತನು ದೊಡ್ಡ ಬ್ಯಾಂಕಿನ ನಿವೃತ್ತ ಅಧಿಕಾರಿಯಿರಬೇಕೆಂದು ಎಲ್ಲರೂ ಊಹಿಸಿದರು. 2009ರ ಜನವರಿಯಲ್ಲಿ ಸರ್ಕಾರಿ ಅಭಿಯೋಜಕರು ಹಿಡಿದುತಂದಾಗ ನೋಡಿದರೆ, ಸುಮಾರು 30 ವಯಸ್ಸಿನ, ಉದ್ಯೋಗವಿಲ್ಲದ, ಪುಸ್ತಕ ಓದಿ ಅರ್ಥಶಾಸ್ತ್ರ ಕಲಿತ ಯುವಕ! ಬ್ಯಾಂಕುಗಳು ಡಾಲರ್ ಕೊಳ್ಳಬಾರದೆಂದು ಸರ್ಕಾರ ತುರ್ತು ಆಜ್ಞೆ ಕಳುಹಿಸಿದೆಯೆಂದು ಬರೆದುದು ಆತನ ಅಪರಾಧ. ನ್ಯಾಯಾಲಯ ಏಪ್ರಿಲಿನಲ್ಲಿ ಆತನನ್ನು ಬಿಡುಗಡೆಮಾಡಿತು. ಆತನ ಮೇಲೆ ಹೇರಿದ್ದ ವಿಧಿಯನ್ನು ಸಂವಿಧಾನ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ರದ್ದುಮಾಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು 2015ರ ಮಾರ್ಚ್ 24ರಂದು ತಳ್ಳಿಹಾಕಿದುದನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ನಗೆಗೀಡಾದುದು ಮಾತ್ರ ಜಾಲವಲ್ಲ. 1931ರಲ್ಲಿ ಸ್ಥಾಪಿತವಾದ, ಡೊಂಗ್‌ಆ ಸಂಸ್ಥೆಯ ಗೌರವಾನ್ವಿತ ಮಾಸಪತ್ರಿಕೆ ‘ಶಿಂದೊಂಗಾ’ ತಾನು ನಿಜವಾದ ಮಿನರ್ವಾನನ್ನು ಸಂದರ್ಶಿಸಿದ್ದೇನೆಂದು ಪ್ರಕಟಿಸಿ, ಆತ ಸೋಗುಗಾರನೆಂದು ತಿಳಿದ ಮೇಲೆ ಓದುಗರ ಕ್ಷಮೆ ಕೇಳಬೇಕಾಯಿತು. ಅಧಿಕಾರ ಹೋದ ಕಡೆಗೆ ಶ್ರಮವೂ ಹೋಗಲಿಲ್ಲ, ಹೋಗದೆ ಇದ್ದ ಕಡೆಯಲ್ಲಿ ಉಳಿಯಲೂ ಇಲ್ಲ.

ಬಿಟ್ಟ ಸ್ಥಳವನ್ನು ತುಂಬಿದವರು ಯಾರು? 2012ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ರಾಷ್ಟ್ರೀಯ ಗುಪ್ತಚರ ಇಲಾಖೆಯ ನೌಕರರು ಸಾಮಾನ್ಯ ಪ್ರಜೆಗಳ ಸೋಗಿನಲ್ಲಿ ಸಾವಿರಾರು ಕಮೆಂಟುಗಳನ್ನೂ ಟ್ವೀಟುಗಳನ್ನೂ ಬರೆದರು. ಆ ಇಲಾಖೆಯ ಮುಖ್ಯಸ್ಥರಾಗಿದ್ದ ವೊನ್ ಸೆ-ಹೂನ್ ಅವರಿಗೆ 2018ರಲ್ಲಿ ನಾಲ್ಕು ವರ್ಷಗಳ ಸೆರೆವಾಸ ಖಾಯಮಾಯಿತು. ಇದು ಸಂಪ್ರದಾಯಪಕ್ಷದ ಸರ್ಕಾರದ ಕಾಲದ್ದು. ಎದುರುಪಕ್ಷದವರು ಶುದ್ಧಹಸ್ತರಾಗಿ ಉಳಿದರೇ? 2018ರ ಆರಂಭದಲ್ಲಿ, ಆಗ ಅಧಿಕಾರದಲ್ಲಿದ್ದ ಪ್ರಜಾಸತ್ತಾತ್ಮಕ ಪಕ್ಷವು ನೇವರ್ ಜಾಲತಾಣದ ಸುದ್ದಿಗಳ ಕೆಳಗೆ ಯಾರೋ ಯಂತ್ರದ ನೆರವಿನಿಂದ ಸರ್ಕಾರವಿರೋಧಿ ಕಮೆಂಟುಗಳನ್ನು ಮೇಲೆತ್ತುತ್ತಿದ್ದಾರೆಂದು ದೂರು ಕೊಟ್ಟಿತು. ತನಿಖೆಯಾಗಿ ಸಿಕ್ಕಿಬಿದ್ದವರು ಅದೇ ಪಕ್ಷದ ಸದಸ್ಯರು. ಅವರ ನಾಯಕ ‘ಡ್ರುಕಿಂಗ್’ ಎಂಬ ಹೆಸರಾಂತ ಬ್ಲಾಗಿಗ. ಹಿಂದಿನ ಚುನಾವಣೆಯ ಹೊತ್ತಿನಲ್ಲಿ ಪಕ್ಷಕ್ಕೆ ಅನುಕೂಲವಾಗಿ ಅದೇ ಯಂತ್ರವನ್ನು ನಡೆಸಿದ್ದವನು, ಬೇಡಿದ ಪದವಿ ದೊರೆಯದೆ ಹೋದುದರಿಂದ ತಿರುಗಿಬಿದ್ದಿದ್ದನು. ಆತನೊಡನೆ ಒಳಸಂಚು ಮಾಡಿದರೆಂದು ದಕ್ಷಿಣ ಗ್ಯೊಂಗ್ಸಾಂಗ್ ಪ್ರಾಂತ್ಯದ ರಾಜ್ಯಪಾಲ ಕಿಮ್ ಕ್ಯೊಂಗ್-ಸೂ ಅವರಿಗೆ, ಅವರು ಕಡೆಯವರೆಗೆ ಅಲ್ಲಗಳೆಯುತ್ತಿದ್ದರೂ, 2021ರ ಜುಲೈ 21ರಂದು ಎರಡು ವರ್ಷಗಳ ಶಿಕ್ಷೆ ಸ್ಥಿರವಾಯಿತು. ಈ ಕಿಮ್ ಬೇರೆ ಯಾರೂ ಅಲ್ಲ. ನಿವೃತ್ತರಾದ ರೋ ಮೂ-ಹ್ಯುನ್ ತಮ್ಮ ಹುಟ್ಟೂರು ಬೊಂಗ್ಹಾದಲ್ಲಿ ನೆಲೆಸಿದಾಗ ಜೊತೆಯಲ್ಲಿದ್ದ ಆಪ್ತ ಸಹಾಯಕ. ಹಂದಿಹುಂಡಿಯ ಚಿಲ್ಲರೆಯಿಂದ ಯಂತ್ರದ ಕಮೆಂಟಿನವರೆಗಿನ ದಾರಿ ಹದಿನೈದು ವರ್ಷದ್ದು.

ಇದರ ನಡುವೆ 2016 ಬಂದುಹೋಗಿದ್ದಿತು. ಆ ಚಳಿಗಾಲದ ಮೇಣದಬತ್ತಿಗಳ ಮಹಾಪೂರದಲ್ಲಿ ಅಧ್ಯಕ್ಷೆ ಪಾರ್ಕ್ ಗೆನ್-ಹೆ ಪದಚ್ಯುತರಾದುದನ್ನು ಜಾಲದ ವಿಜಯವೆಂದು ವರ್ಣಿಸುವುದುಂಟು. ಜನರನ್ನು ಕೂಡಿಸಿದುದು ಜಾಲವೇ ಸರಿ. ಕೂಡುವುದಕ್ಕೆ ಕಾರಣವನ್ನು ಒದಗಿಸಿದವರು ಯಾರು? ಅಧ್ಯಕ್ಷೆಯ ಗೆಳತಿ ಚೋಯ್ ಸೂನ್-ಸಿಲ್ ಅವರ ಹೆಸರನ್ನು ಸೆಪ್ಟೆಂಬರಿನಲ್ಲಿ ಮುದ್ರಿಸಿದುದು ಹಾಂಕ್ಯೊರೆ. ಖಾಲಿ ಮಾಡಿದ ಕಚೇರಿಯೊಂದರಲ್ಲಿ ಬಿದ್ದಿದ್ದ ಚೋಯ್ ಅವರ ಟ್ಯಾಬ್ಲೆಟ್ಟನ್ನು, ಕಟ್ಟಡ ಕಾಯುವವನ ವಿಶ್ವಾಸ ಗಳಿಸಿ ಪಡೆದು, ಅಧ್ಯಕ್ಷೆಯ ಭಾಷಣಗಳ ಕರಡುಗಳು ಅದರಲ್ಲಿವೆಯೆಂದು ಅಕ್ಟೋಬರ್ 24ರಂದು ತೋರಿಸಿದವರು ಜೆಟಿಬಿಸಿ ದೂರದರ್ಶನದ ಸಂಬಳದ ವರದಿಗಾರರು. ಆ ದೂರದರ್ಶನ ಜೂಂಗ್‌ಆಂಗ್ ಸಂಸ್ಥೆಯದು. ನೋಸಮೊದವರು ಶಪಿಸುತ್ತಿದ್ದ ಮೂರರಲ್ಲೊಂದರ ಮನೆಯ ಕೂಸು.

2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೋಲ್ ಸೈನಿಕ ಕಾನೂನನ್ನು ಘೋಷಿಸಿ, ಸಮಸ್ತ ಪತ್ರಿಕೆಗಳೂ ಸೈನ್ಯದ ಹತೋಟಿಗೆ ಒಳಪಟ್ಟಿವೆಯೆಂದು ಆಜ್ಞೆ ಹೊರಡಿಸಿದಾಗ, ಜಾಲದ ಎರಡು ಮುಖಗಳೂ ಒಂದೇ ರಾತ್ರಿಯಲ್ಲಿ ಕಂಡವು. ವಿರೋಧಪಕ್ಷದ ನಾಯಕ ಲೀ ಜೇ-ಮ್ಯುಂಗ್ ಜನರನ್ನು ಬರಹೇಳುತ್ತ, ಸಂಸತ್ತಿನ ಬೇಲಿ ಹತ್ತಿ ಒಳಗಿಳಿದುದನ್ನು ಮೊಬೈಲಿನಿಂದಲೇ ಲೈವ್ ಆಗಿ ತೋರಿಸಿದರು. ಕಂಡ ಜನ ಓಡಿಬಂದು ಸೈನಿಕರಿಗೆ ಅಡ್ಡ ನಿಂತರು. ಮಧ್ಯರಾತ್ರಿ ಕಳೆದು ಒಂದು ಗಂಟೆಗೆ 190 ಸದಸ್ಯರು ಏಕಮತದಿಂದ ಆಜ್ಞೆಯನ್ನು ರದ್ದುಪಡಿಸಲು ಮತವಿತ್ತರು. ಚುನ್ ದೂ-ಹ್ವಾನನ ಕಾಲದಲ್ಲಿ, 1980ರಲ್ಲಿ, ಸಾಧ್ಯವಾದ ಬಾಯಿಕಟ್ಟು 2024ರಲ್ಲಿ ಸಾಧ್ಯವಾಗಲಿಲ್ಲ. ಆದರೆ ಅದೇ ರಾತ್ರಿ ಸೈನಿಕರ ಇನ್ನೊಂದು ತುಕಡಿ ಚುನಾವಣಾ ಆಯೋಗದ ಕಚೇರಿಗೆ ಹೋಗಿದ್ದಿತು. ಚುನಾವಣೆಗಳಲ್ಲಿ ಮೋಸ ನಡೆದಿದೆಯೆಂದು, ನ್ಯಾಯಾಲಯಗಳು ತಳ್ಳಿಹಾಕಿದ ಮೇಲೆಯೂ, ಯೂಟ್ಯೂಬಿನ ಕೆಲವು ವಾಹಿನಿಗಳು ವರ್ಷಗಟ್ಟಲೆ ಸಾರುತ್ತಿದ್ದ ವದಂತಿಯೇ ರಾಷ್ಟ್ರಾಧ್ಯಕ್ಷನ ವಾದವಾಗಿ, ಬಂದೂಕು ಹಿಡಿದವರನ್ನು ನಡೆಸಿತು. ಮರುತಿಂಗಳು, ಜನವರಿ 19ರ ಬೆಳಗಿನ ಜಾವ, ಯೂನ್ ಅವರನ್ನು ಬಂಧನದಲ್ಲಿಡಲು ಆಜ್ಞೆಯಿತ್ತ ಸೋಲ್ ನಗರದ ನ್ಯಾಯಾಲಯಕ್ಕೆ ಬೆಂಬಲಿಗರು ನುಗ್ಗಿ ಕಿಟಕಿಗಳನ್ನು ಒಡೆದರು. ಅದನ್ನೂ ಕೆಲವರು ಲೈವ್ ಆಗಿ ತೋರಿಸಿದರು. ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯದ ಎಂಟು ನ್ಯಾಯಾಧೀಶರೂ ಒಮ್ಮತದಿಂದ ಯೂನ್ ಅವರನ್ನು ಪದಚ್ಯುತಗೊಳಿಸಿದರು.

ಹಣದ ಮಾತನ್ನಾಡದೆ ಈ ಉಪನ್ಯಾಸವನ್ನು ಮುಗಿಸಲಾರೆ. ಶ್ರಮದ ಮಾತು ಕೊನೆಗೆ ಹಣದ ಮಾತೇ ಆಗಿರುತ್ತದೆ. 2004ರಲ್ಲಿ ರಾಜಧಾನಿಯ ಸ್ಥಳಾಂತರವನ್ನು ತಡೆದ ತೀರ್ಪನ್ನು ಖಂಡಿಸಿ ದಾರ್ಶನಿಕ ಕಿಮ್ ಯೊಂಗ್-ಓಕ್ ಓಹ್‌ಮೈನ್ಯೂಸಿನಲ್ಲಿ ಬರೆದ ಒಂದೇ ಲೇಖನಕ್ಕೆ ಓದುಗರು ಮೆಚ್ಚಿ ಕೆಲವೇ ದಿನಗಳಲ್ಲಿ 2 ಕೋಟಿ ವೊನ್ನಿಗೂ ಮಿಕ್ಕ ಕಾಣಿಕೆ ಕಳುಹಿಸಿದರು. ಅಭಿಪ್ರಾಯಕ್ಕೆ, ಅದರಲ್ಲಿಯೂ ನಮ್ಮ ಅಭಿಪ್ರಾಯವನ್ನೇ ನಮಗಿಂತ ಚೆನ್ನಾಗಿ ಹೇಳಿದವನಿಗೆ, ನಾವು ಧಾರಾಳವಾಗಿ ಕೊಡುತ್ತೇವೆ. ತಾಲ್ಲೂಕು ಕಚೇರಿಯ ಕಡತವನ್ನು ಮೂರು ತಿಂಗಳು ಹುಡುಕಿ, ಹುಡುಕಿದುದು ಸುಳ್ಳೆಂದು ತಿಳಿದು ಏನನ್ನೂ ಬರೆಯದೆ ಹಿಂದಿರುಗಿದವನಿಗೆ ಯಾರು ಕಾಣಿಕೆ ಕಳುಹಿಸುತ್ತಾರೆ? ಜಾಹೀರಾತನ್ನು ನಂಬಿ ಕಾಲ ಹಾಕುವುದು ಅಸಾಧ್ಯವೆನಿಸಿದಾಗ ಅದೇ ಓಹ್‌ಮೈನ್ಯೂಸ್ 2009ರಲ್ಲಿ ತಿಂಗಳಿಗೆ 10,000 ವೊನ್ ಕೊಡುವ ಓದುಗರ ಸಂಘವನ್ನು ಸ್ಥಾಪಿಸಿ, ಅದಕ್ಕೆ ಒಂದು ಲಕ್ಷ ಜನರ ಸಂಘವೆಂದು ಆಶೆಯಿಂದ ಹೆಸರಿಟ್ಟಿತು. ಈ ಸಭಾಂಗಣದಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಸುದ್ದಿ ನೋಡುವವರೇ. ನಿಮ್ಮ ಜಿಲ್ಲೆಯಲ್ಲಿ ವಿಚಾರಿಸಿ ಬರೆಯುವ ಪತ್ರಿಕೆಯೋ ಜಾಲತಾಣವೋ ಒಂದಾದರೂ ಇದ್ದರೆ, ದಯವಿಟ್ಟು ಈ ತಿಂಗಳಿನಿಂದ ಅದಕ್ಕೆ ಚಂದಾ ಕೊಡಿ.